ಅಪ್ಪನ ಕಾಲದ ನಿಕಾನ್ ಲೆನ್ಸುಗಳು: ಈಗಿನ ಕ್ಯಾಮೆರಾದಲ್ಲಿ ಆಟೋಫೋಕಸ್ ಯಾಕೆ ಆಗ್ತಿಲ್ಲ?

ಸಾಗರದ ಹುಡುಗ
ಎಲ್ಲರಿಗೂ ನಮಸ್ಕಾರ. ನಮ್ಮಪ್ಪ ಸಾಗರದಲ್ಲಿ ಸ್ಟುಡಿಯೋ ಇಟ್ಟಿದ್ದವರು. ಮದುವೆ, ಉಪನಯನ, ಗೃಹಪ್ರವೇಶ, ಪಾಸ್‌ಪೋರ್ಟ್ ಸೈಜ್ ಫೋಟೋ, ಎಲ್ಲ ಮಾಡ್ತಿದ್ದರು. ಡಿಜಿಟಲ್ ಬಂದ ಮೇಲೆ ಅಂಗಡಿ ಬಾಗಿಲು ಹಾಕಿ ತೋಟ ನೋಡಿಕೊಳ್ಳಲು ಹೋದರು. ಮೊನ್ನೆ ಅಟ್ಟ ಕ್ಲೀನ್ ಮಾಡುವಾಗ ಅವರ ಬ್ಯಾಗ್ ಸಿಕ್ಕಿತು. ಒಳಗೆ ಎಫ್90ಎಕ್ಸ್ ಅನ್ನೋ ಫಿಲ್ಮ್ ಕ್ಯಾಮೆರಾದ ಬಾಡಿ (ಲೆನ್ಸ್ ಬಿಟ್ಟು ಉಳಿದ ಭಾಗ), ಮೂರು ಲೆನ್ಸ್. ಒಂದು 50 ಎಂಎಂ ಎಫ್/1.8ಡಿ. ಇನ್ನೊಂದು 35-70 ಎಫ್/2.8ಡಿ. ಮೂರನೆಯದು 80-200 ಎಫ್/2.8ಡಿ, ಸೈಕಲ್ ಪಂಪಿನ ಹಾಗೆ ಹಿಂದೆ ಮುಂದೆ ಜಗ್ಗಿ ಜೂಮ್ ಮಾಡುವಂಥದ್ದು, ಒಳ್ಳೇ ಭಾರ ಇದೆ.

ನನ್ನ ಹತ್ತಿರ ಇರೋದು ನಿಕಾನಿನ ಡಿಜಿಟಲ್ ಕ್ಯಾಮೆರಾ ಡಿ5600. 50 ಹಾಕಿದ ತಕ್ಷಣ ಸ್ಕ್ರೀನಿನಲ್ಲಿ ಎಫ್‌ಇಇ ಅಂತ ಮಿಣುಕಿತು. ಲೆನ್ಸಿನ ಮೇಲಿರುವ ಅಪರ್ಚರ್ (ಬೆಳಕು ಬಿಡುವ ಕಿಂಡಿ) ಉಂಗುರವನ್ನು ಸುಮ್ನೆ ತಿರುಗಿಸ್ತಾ ಹೋದೆ, 22ಕ್ಕೆ ಬಂದಾಗ ಆ ಎರರ್ ಹೋಯಿತು. ಆದರೆ ಆಟೋಫೋಕಸ್ ಇಲ್ಲ. ಬಟನ್ ಅರ್ಧ ಒತ್ತಿದರೆ ಒಂದು ಸದ್ದೂ ಬರಲ್ಲ. ಎಫ್90ಎಕ್ಸ್‌ಗೆ ನಾಲ್ಕು ಪೆನ್ ಸೆಲ್ ಹಾಕಿ ನೋಡಿದೆ, ಅದರಲ್ಲಿ ಕಿರ್ರ್ ಅಂತ ಮೂರೂ ಲೆನ್ಸ್ ಓಡುತ್ತವೆ.

ಶಿವಮೊಗ್ಗದ ಒಂದು ಅಂಗಡಿಯಲ್ಲಿ ಕೇಳಿದರೆ ಲೆನ್ಸ್ ಮೋಟರ್ ಸತ್ತಿದೆ, ಕೊಟ್ಟುಬಿಡಿ ಅಂದರು. ಅದೇ ಬಾಯಲ್ಲಿ, ನಿಕಾನಿನ ಕನ್ನಡಿ ಇಲ್ಲದ ಕ್ಯಾಮೆರಾ ಝಡ್5 ಹೊಸದು ತಗೊಂಡು, ಹಳೇ ಲೆನ್ಸ್ ಕೂರಿಸುವ ಅಡಾಪ್ಟರ್ ಹಾಕಿದರೆ ಎಲ್ಲ ಓಡುತ್ತದೆ ಅಂತಲೂ ಅಂದರು. ಸತ್ತ ಮೋಟರ್ ಅಡಾಪ್ಟರ್ ಹಾಕಿದರೆ ಹೇಗೆ ಏಳುತ್ತೆ ಅಂತ ನನಗೆ ಅರ್ಥ ಆಗಲಿಲ್ಲ.

ಹಳೇ ಗಾಜು
ಲೆನ್ಸ್ ಕೊಡಬೇಡಿ! ಆ ಅಂಗಡಿಯವರು ಹೇಳಿದ ಎರಡೂ ಮಾತು ತಪ್ಪು.

ನಿಮ್ಮ ಮೂರು ಲೆನ್ಸಿನಲ್ಲೂ ಮೋಟರ್ ಸತ್ತಿಲ್ಲ, ಯಾಕಂದ್ರೆ ಅವುಗಳಲ್ಲಿ ಮೋಟರೇ ಇಲ್ಲ. ಲೆನ್ಸನ್ನು ತಿರುಗಿಸಿ ಹಿಂದಿನ ಲೋಹದ ಮೌಂಟ್ (ಬಾಡಿಗೆ ಕೂರುವ ಬಳೆ) ನೋಡಿ. ಅಂಚಿನಲ್ಲಿ ಸಣ್ಣದೊಂದು ಸ್ಕ್ರೂ ತಲೆ ಕಾಣುತ್ತದೆ, ಮಧ್ಯೆ ಸೀಳು ಇರುವಂಥದ್ದು. ಈಗ ಎಫ್90ಎಕ್ಸ್ ಬಾಡಿಯ ಮೌಂಟ್ ನೋಡಿ. ಅಲ್ಲಿ ಸ್ಕ್ರೂಡ್ರೈವರಿನ ತುದಿಯಂಥ ಒಂದು ಕಡ್ಡಿ ಹೊರಗೆ ಚಾಚಿರುತ್ತದೆ. ಮೋಟರ್ ಇರೋದು ಬಾಡಿಯೊಳಗೆ. ಆ ಕಡ್ಡಿ ಲೆನ್ಸಿನ ಸ್ಕ್ರೂ ತಿರುಗಿಸುತ್ತದೆ, ಗೇರುಗಳು ಗಾಜನ್ನು ಸರಿಸುತ್ತವೆ. ಈಗ ಡಿ5600 ನೋಡಿ. ಆ ಕಡ್ಡಿ ಇಲ್ಲ, ಅಲ್ವಾ?

1986ರಲ್ಲಿ ಎಫ್-501 ಬಂದಾಗಿಂದ ನಿಕಾನ್ ಇದೇ ದಾರಿ ಹಿಡಿಯಿತು. ಲೆನ್ಸಿನೊಳಗೇ ಮೋಟರ್ ಇರುವ ಎಎಫ್-ಎಸ್ ಲೆನ್ಸುಗಳು ಬರತೊಡಗಿದ್ದು 1996ರಿಂದ. ಅವು ಸಾಕಷ್ಟು ಆದ ಮೇಲೆ, 2006ರಲ್ಲಿ ಡಿ40 ಎಂಬ ಅಗ್ಗದ ಕ್ಯಾಮೆರಾದಿಂದ ಬಾಡಿ ಮೋಟರ್ ಕಿತ್ತುಹಾಕಿದರು. ಆಮೇಲೆ ಡಿ3000 ಮತ್ತು ಡಿ5000 ಸಾಲಿನ ಯಾವುದರಲ್ಲೂ ಅದು ಇಲ್ಲ. ಡಿ90, ಡಿ7000 ಸಾಲು, ಡಿ500, ಡಿ610, ಡಿ750, ಡಿ780, ಡಿ800 ಸಾಲು, ಡಿ850 ಇವುಗಳಲ್ಲಿ ಇದೆ.

ಝಡ್ ವಿಷಯ: ನಿಕಾನಿನ ಎಫ್‌ಟಿಝಡ್ ಅಡಾಪ್ಟರಿನಲ್ಲಿ ಆ ಕಡ್ಡಿ ಇಲ್ಲ, ಮೋಟರೂ ಇಲ್ಲ. 2021ರ ಎಫ್‌ಟಿಝಡ್ 2ರಲ್ಲೂ ಇಲ್ಲ, ಅದರಲ್ಲಿ ಬರೀ ಟ್ರೈಪಾಡ್ ಕಾಲು ತೆಗೆದರು ಅಷ್ಟೇ. ಅಂದರೆ ಝಡ್5 ತಗೊಂಡು ಈ ಅಡಾಪ್ಟರ್ ಹಾಕಿದರೂ ನಿಮ್ಮ ಮೂರು ಲೆನ್ಸನ್ನೂ ಕೈಯಲ್ಲೇ ಫೋಕಸ್ ಮಾಡಬೇಕು.

ಕಪ್ಪು ಬಿಳುಪು
ಹೀಗೆ ಕ್ಯಾಮೆರಾ ಕೊಳ್ಳುವ ಮೊದಲು ಸ್ಕ್ರೂ ಕಡ್ಡಿ ಹುಡುಕುವ ಗೋಳು ಕ್ಯಾನನ್ ಇಟ್ಟುಕೊಂಡವರಿಗೆ ಇಲ್ಲ ಮಾರಾಯ್ರೇ. 1987ರಲ್ಲಿ ಇಒಎಸ್ 650 ಜೊತೆ ಬಂದ ಇಎಫ್ ಮೌಂಟಿನಲ್ಲಿ ಮೊದಲ ದಿನದಿಂದಲೇ ಮೋಟರ್ ಲೆನ್ಸಿನೊಳಗೆ, ಅಪರ್ಚರ್ ಕೂಡ ಕರೆಂಟಿನಲ್ಲೇ. ಬಾಡಿಗೂ ಲೆನ್ಸಿಗೂ ನಡುವೆ ತಿರುಗುವ ಸ್ಕ್ರೂ ಇಲ್ಲ, ಎಳೆಯುವ ಲಿವರ್ ಇಲ್ಲ, ಬರೀ ಚಿನ್ನದ ಬಣ್ಣದ ಪಿನ್ನುಗಳು. ನನ್ನ 50 ಎಫ್/1.8 ಆ ಮೊದಲ ಬ್ಯಾಚಿನದು, ಲೋಹದ ಮೌಂಟಿನದು. ಅದನ್ನು ಅಡಾಪ್ಟರ್ ಹಾಕಿ ಕ್ಯಾನನ್ನಿನ ಕನ್ನಡಿ ಇಲ್ಲದ ಆರ್6ಗೆ ಏರಿಸಿದರೆ ಕಣ್ಣು ಹುಡುಕಿ ಫೋಕಸ್ ಮಾಡುತ್ತದೆ. ಜೇನುಹುಳದ ಸದ್ದು ಬರುತ್ತದೆ, ಆದರೆ ಮಾಡುತ್ತದೆ.

ಹಳೇ ಗಾಜು
ನಿಜ, ಒಪ್ಪಿದೆ. ಆದರೆ ಅದೇ 1987ರಲ್ಲಿ ಕ್ಯಾನನ್ನಿನ ಹಿಂದಿನ ಎಫ್‌ಡಿ ಮೌಂಟಿನ ಲೆನ್ಸ್ ಇಟ್ಟುಕೊಂಡಿದ್ದವರ ಪಾಡು ಏನಾಯ್ತು ಅಂತಲೂ ಹೇಳಿ. ಒಂದೇ ದಿನದಲ್ಲಿ ಅನಾಥ. ನಿಕಾನ್ 1959ರ ಎಫ್ ಮೌಂಟನ್ನೇ ಉಳಿಸಿಕೊಂಡು ತೇಪೆ ಮೇಲೆ ತೇಪೆ ಹಾಕಿತು. ಹಾಗಾಗಿಯೇ ಇವತ್ತು ಯಾವ ಲೆನ್ಸ್ ಯಾವ ಬಾಡಿಗೆ ಅಂತ ಜಾತಕ ನೋಡೋ ಪರಿಸ್ಥಿತಿ. ಕ್ಯಾನನ್ ಒಂದೇ ಸಲ ಬೈಸಿಕೊಂಡು ಮುಗಿಸಿತು. ನಾವು ಕಂತಿನಲ್ಲಿ ಅನುಭವಿಸ್ತಿದ್ದೀವಿ.

ಮತ್ತೆ ಇಎಫ್ ಅಂದ ಮಾತ್ರಕ್ಕೆ ಎಲ್ಲ ಸಲೀಸು ಅಲ್ಲ. ಬೇರೆ ಕಂಪನಿಗಳು ಫಿಲ್ಮ್ ಕಾಲದಲ್ಲಿ ಕ್ಯಾನನ್ನಿಗೆ ಅಂತ ಮಾಡಿದ ಕೆಲವು ಲೆನ್ಸುಗಳಿವೆ. ಅವರು ಕ್ಯಾನನ್ನಿನ ಭಾಷೆಯನ್ನು ಕದ್ದು ಕೇಳಿ ಕಲಿತವರು, ಅರ್ಧಂಬರ್ಧ ಕಲಿತಿದ್ದರು. ಡಿಜಿಟಲ್ ಬಾಡಿಗೆ ಹಾಕಿದರೆ ಫೋಕಸ್ ಆಗುತ್ತದೆ, ಪೂರ್ತಿ ತೆರೆದ ಅಪರ್ಚರಿನಲ್ಲಿ ಫೋಟೋನೂ ಬರುತ್ತದೆ. ಎಫ್/8 ಇಟ್ಟು ಬಟನ್ ಒತ್ತಿ ನೋಡಿ, ಎರರ್ ತೋರಿಸಿ ನಿಂತುಬಿಡುತ್ತದೆ. ಸೆಕೆಂಡ್ ಹ್ಯಾಂಡ್ ತಗೊಳ್ಳೋರು ಅಂಗಡಿಯಲ್ಲೇ ಅಪರ್ಚರ್ ಮುಚ್ಚಿ ಒಂದು ಫೋಟೋ ತೆಗೆದು ನೋಡಿ.

ಮಿನೋಲ್ಟಾ ಭಕ್ತ
ನಮ್ಮನ್ನೂ ಮರೆಯಬೇಡಿ. ಬಾಡಿಯಲ್ಲಿ ಮೋಟರ್ ಇಟ್ಟು ಆಟೋಫೋಕಸ್ ಎಸ್‌ಎಲ್‌ಆರ್ (ಒಳಗೆ ಕನ್ನಡಿ ಇರುವ ಕ್ಯಾಮೆರಾ) ಅನ್ನು ಮನೆಮನೆಗೆ ತಲುಪಿಸಿದ್ದು 1985ರ ಮಿನೋಲ್ಟಾ 7000. ನಿಕಾನ್ ಹಿಂದೆ ಬಂದವರು. 2006ರಲ್ಲಿ ಅವರ ಡಿಜಿಟಲ್ ಎಸ್‌ಎಲ್‌ಆರ್ ವ್ಯವಹಾರ ಸೋನಿಗೆ ಹೋಯಿತು, ಮೌಂಟ್ ಕೂಡ ಜೊತೆಗೆ ಹೋಯಿತು. ನನ್ನ 70-210 ಎಫ್/4 ಅನ್ನು ಪ್ರಪಂಚವೆಲ್ಲ ಬಿಯರ್ ಕ್ಯಾನ್ ಅಂತ ಕರೆಯುತ್ತದೆ, ಆಕಾರ ಹಾಗೇ ಇದೆ.

ಸೋನಿಯವರು ಒಂದು ಒಳ್ಳೇ ಕೆಲಸ ಮಾಡಿದರು. 2020ರಲ್ಲಿ ತಮ್ಮ ಕನ್ನಡಿ ಇಲ್ಲದ ಕ್ಯಾಮೆರಾಗಳಿಗೆ ಎಲ್‌ಎ-ಇಎ5 ಅನ್ನೋ ಅಡಾಪ್ಟರ್ ತಂದು ಅದರೊಳಗೇ ಸಣ್ಣ ಮೋಟರ್ ಕೂರಿಸಿದರು, ಸ್ಕ್ರೂ ತಿರುಗಿಸೋಕೆ. ಅದರ ಹಿಂದಿನ ಎಲ್‌ಎ-ಇಎ4ರಲ್ಲಿ ಅರೆಪಾರದರ್ಶಕ ಕನ್ನಡಿ, ಅದಕ್ಕೇ ಬೇರೆ ಫೋಕಸ್ ಸೆನ್ಸರ್, ಎಲ್ಲ ಇಟ್ಟಿದ್ದರು. ಫೋಕಸ್ ಆಗೋದು 15 ಪಾಯಿಂಟಿನಲ್ಲಿ ಮಾತ್ರ, ಅದೂ ನಡುವಿನಲ್ಲಿ ಗುಂಪುಗೂಡಿಕೊಂಡು, ಮೇಲಿಂದ ಕನ್ನಡಿ ಒಂದಷ್ಟು ಬೆಳಕು ತಿನ್ನುತ್ತಿತ್ತು. ಇಎ5ರಲ್ಲಿ ಕನ್ನಡಿ ಇಲ್ಲ, ಕ್ಯಾಮೆರಾದ ಸ್ವಂತ ಫೋಕಸ್ಸೇ ಕೆಲಸ ಮಾಡುತ್ತದೆ.

ಆದರೆ ಒಂದು ಎಡವಟ್ಟು. ಇಎ5 ಎಲ್ಲ ಬಾಡಿಯಲ್ಲೂ ಸ್ಕ್ರೂ ಲೆನ್ಸ್ ಓಡಿಸಲ್ಲ. ಎ7ಆರ್ 4, ಎ6600 ಇಂಥವುಗಳಲ್ಲಿ ಆಗುತ್ತದೆ, ಎ7 3ರಲ್ಲಿ ಆಗಲ್ಲ. ನಾನು ಇದನ್ನು ಓದದೆ ಅಡಾಪ್ಟರ್ ತರಿಸಿದ ಜಾಣ. ನನ್ನ ಹತ್ತಿರ ಇದ್ದದ್ದು ಎ7 3. ಮನೆಯಲ್ಲಿ ಹೇಳಲಿಲ್ಲ, ಇನ್ನೂ ಹೇಳಿಲ್ಲ.

ಸಾಗರದ ಹುಡುಗ
ಹಳೇ ಗಾಜು ಸರ್, ನೋಡಿದೆ. ಡಿ5600ರಲ್ಲಿ ಆ ಕಡ್ಡಿ ಇಲ್ಲ! ಎಫ್90ಎಕ್ಸ್‌ನಲ್ಲಿ ಇದೆ. ಅಪ್ಪನಿಗೆ ತೋರಿಸಿದರೆ, ಇದು ನನಗೆ ಗೊತ್ತಿತ್ತಲ್ಲ, ನೀನು ಕೇಳಲೇ ಇಲ್ಲ ಅಂದರು.

ಸೋನಿಯವರು ಅಡಾಪ್ಟರಿನಲ್ಲಿ ಮೋಟರ್ ಇಡಬಹುದಾದರೆ ನಿಕಾನ್ ಯಾಕೆ ಇಡಲಿಲ್ಲ?

ಹಳೇ ಗಾಜು
ನನ್ನ ಅನಿಸಿಕೆ ಹೇಳ್ತೀನಿ, ಕಂಪನಿಯವರು ನನಗೆ ಫೋನ್ ಮಾಡಿ ಹೇಳಿದ್ದಲ್ಲ. ಎಫ್‌ಟಿಝಡ್ ಒಳಗೆ ಆಗಲೇ ಒಂದು ಯಂತ್ರ ಇದೆ. ಹಳೇ ಲೆನ್ಸಿನ ಅಪರ್ಚರ್ ಲಿವರನ್ನು ಪ್ರತಿ ಫೋಟೋಗೂ ಎಳೆದು ಬಿಡೋದಕ್ಕೆ. ಸ್ಕ್ರೂ ಮೋಟರ್ ಕೂಡ ಇಟ್ಟರೆ ಅಡಾಪ್ಟರ್ ದಪ್ಪ ಆಗುತ್ತದೆ, ಬೆಲೆ ಏರುತ್ತದೆ, ನಿಮ್ಮ 80-200ನಂಥ ಭಾರದ ಗಾಜು ತಿರುಗಿಸಲು ಶಕ್ತಿ ಬೇಕು. ಜೊತೆಗೆ ಹೊಸ ಲೆನ್ಸ್ ಮಾರಬೇಕು ಅನ್ನೋ ಆಸೆ ಯಾವ ಕಂಪನಿಗೆ ಇರಲ್ಲ ಹೇಳಿ.

ಇಕ್ಕೇರಿ ಕಲ್ಲು
ಹುಡುಗಾ, ನೀನು ಸಾಗರದವನಾದರೆ ನಾನು ಪಕ್ಕದವಳೇ. ಎಲ್ಲರೂ ಝಡ್ ಬೇಡ ಅಂತಿದ್ದಾರೆ, ಅದಕ್ಕೆ ನಾನೊಂದು ಮಾತು ಸೇರಿಸ್ತೀನಿ.

ನಾನು ದೇವಸ್ಥಾನದ ಶಿಲ್ಪ ತೆಗೆಯುವವಳು. ಝಡ್6, ಎಫ್‌ಟಿಝಡ್, 85 ಎಫ್/1.8ಡಿ. ಇಕ್ಕೇರಿಯ ಅಘೋರೇಶ್ವರನ ಗುಡಿಯ ಗೋಡೆ ಎಲ್ಲಿಗೂ ಓಡಿಹೋಗಲ್ಲ, ನನಗೆ ಆಟೋಫೋಕಸ್ ಬೇಕಿಲ್ಲ. ಈ ಕೆಲಸಕ್ಕೆ ಕನ್ನಡಿ ಇಲ್ಲದ ಕ್ಯಾಮೆರಾ ಡಿಎಸ್‌ಎಲ್‌ಆರ್‌ಗಿಂತ ಎಷ್ಟೋ ಮೇಲು. ವ್ಯೂಫೈಂಡರಿನಲ್ಲೇ ಚಿತ್ರ ಹಿಗ್ಗಿಸಿ, ಶಿಲ್ಪದ ಕಣ್ಣಿನ ರೆಪ್ಪೆಗೆ ಫೋಕಸ್ ಕೂರಿಸಬಹುದು. ಫೋಕಸ್ ಆದ ಅಂಚಿಗೆ ಬಣ್ಣ ಹಚ್ಚಿ ತೋರಿಸುವ ಪೀಕಿಂಗ್ ಇದೆ, ಆದರೆ ಎಫ್/1.8ರಲ್ಲಿ ನಾನು ಅದನ್ನು ನಂಬಲ್ಲ, ಸ್ವಲ್ಪ ಹೆಚ್ಚೇ ಧಾರಾಳಿ ಅದು. ಹಿಗ್ಗಿಸಿ ನೋಡೋದೇ ಸರಿ. ಲೆನ್ಸಿನಲ್ಲಿ ಚಿಪ್ ಇರೋದರಿಂದ ಅಪರ್ಚರ್ ಕ್ಯಾಮೆರಾದಿಂದಲೇ ಬದಲಾಗುತ್ತದೆ, ಫೋಟೋದ ಮಾಹಿತಿಯಲ್ಲಿ ಎಲ್ಲ ದಾಖಲಾಗುತ್ತದೆ. ಎಲ್ಲಕ್ಕಿಂತ ದೊಡ್ಡದು ಕೈ ನಡುಕ ಸರಿದೂಗಿಸುವ, ಬಾಡಿಯೊಳಗಿನ ಸ್ಟೆಬಿಲೈಸೇಶನ್. 1990ರ ದಶಕದ ಲೆನ್ಸ್ ಹಾಕಿ, ಗರ್ಭಗುಡಿ ಮುಂದಿನ ಕತ್ತಲೆ ಮಂಟಪದಲ್ಲಿ ಟ್ರೈಪಾಡ್ ಇಲ್ಲದೆ 1/15 ಸೆಕೆಂಡಿಗೆ ತೆಗೀತೀನಿ. ಡಿ750 ಇದನ್ನು ಮಾಡಲ್ಲ.

ಅಂದಹಾಗೆ ಡಿ5600 ಇಟ್ಟುಕೊಂಡೇ 50 ಬಳಸಬಹುದು. ಮೆನುವಿನಲ್ಲಿ ರೇಂಜ್‌ಫೈಂಡರ್ ಆನ್ ಮಾಡು. ಯಾವ ಕಡೆ ತಿರುಗಿಸಬೇಕು ಅಂತ ವ್ಯೂಫೈಂಡರಿನ ಕೆಳಗೆ ತೋರಿಸುತ್ತದೆ, ಸರಿಯಾದಾಗ ಚುಕ್ಕೆ ಹತ್ತುತ್ತದೆ. ಕಣ್ಣಂದಾಜಿಗೆ ಮಾತ್ರ ಹೋಗಬೇಡ. ಈಗಿನ ಡಿಎಸ್‌ಎಲ್‌ಆರ್ ವ್ಯೂಫೈಂಡರಿನ ಗಾಜು ಎಫ್/1.8ರ ಮಸುಕನ್ನು ಪೂರ್ತಿ ತೋರಿಸಲ್ಲ. ಎಲ್ಲ ಚೂಪಾಗಿದೆ ಅನಿಸುತ್ತದೆ, ಮನೆಗೆ ಬಂದು ನೋಡಿದರೆ ಮೂಗಿನ ತುದಿ ಮಾತ್ರ ಚೂಪು.

ಹಕ್ಕಿ ಹಿಂದೆ
ಓಡುವ, ಹಾರುವ ವಸ್ತು ತೆಗೆಯುವವರು ಏನು ಮಾಡಬೇಕು ಅಂತ ನಾನು ಹೇಳ್ತೀನಿ. 300 ಎಫ್/4 ಹಳೇ ಸ್ಕ್ರೂ ಲೆನ್ಸ್ ಡಿ7200ಗೆ ಹಾಕಿ ನಾಲ್ಕು ವರ್ಷ ರಂಗನತಿಟ್ಟಿನಲ್ಲಿ ದೋಣಿ ಹತ್ತಿದ್ದೇನೆ. ಗೂಡಿನ ಮೇಲೆ ಕೂತ ಬಣ್ಣದ ಕೊಕ್ಕರೆ, ಬಂಡೆ ಮೇಲೆ ಬಾಯಿ ಕಳೆದು ಮಲಗಿದ ಮೊಸಳೆ, ಇವಕ್ಕೆ ಈ ಲೆನ್ಸ್ ಬಂಗಾರ. ಕೊಕ್ಕರೆ ಹಾರುವಾಗಲೂ ಪರವಾಗಿಲ್ಲ, ಅದು ಲಗೇಜ್ ಬಸ್ಸಿನಂತೆ ನಿಧಾನ. ಮಿಂಚುಳ್ಳಿಗೆ ಆಸೆ ಪಡಬೇಡಿ. ಒಮ್ಮೆ ಫೋಕಸ್ ತಪ್ಪಿದರೆ ಲೆನ್ಸ್ ಆ ಕೊನೆಯಿಂದ ಈ ಕೊನೆಗೆ ಕಿರ್ರ್ ಅಂತ ಹೋಗಿ ಬರುವಷ್ಟರಲ್ಲಿ ಮಿಂಚುಳ್ಳಿ ಮೀನು ನುಂಗಿ ಮುಗಿಸಿರುತ್ತದೆ.

ಒಂದು ಉಪಾಯ ಇದೆ. ಹಕ್ಕಿ ಎಲ್ಲಿ ಬರುತ್ತದೋ ಅಷ್ಟೇ ದೂರದ ಕೊಂಬೆಗೆ ಮೊದಲೇ ಫೋಕಸ್ ಮಾಡಿ ಇಟ್ಟುಕೊಳ್ಳಿ. ಆಮೇಲೆ ಲೆನ್ಸ್ ತಿರುಗಬೇಕಾದ್ದು ಕೂದಲೆಳೆಯಷ್ಟೇ.

ಸ್ಕ್ರೂ ಲೆನ್ಸಿನ ವೇಗ ಬಾಡಿಯ ಮೇಲೆ ನಿಂತಿದೆ ಅನ್ನೋದನ್ನೂ ನೆನಪಿಡಿ. ಮೋಟರ್ ಅಲ್ಲಿರೋದು ತಾನೇ. ಗೆಳೆಯನ ಡಿ4ಗೆ ಇದೇ ಲೆನ್ಸ್ ಹಾಕಿದರೆ ಬೇರೆ ಲೆನ್ಸೇನೋ ಅನ್ನೋ ಹಾಗೆ ಓಡುತ್ತದೆ. ಮತ್ತೆ ಲೈವ್ ವ್ಯೂನಲ್ಲಿ (ಹಿಂದಿನ ಸ್ಕ್ರೀನ್ ನೋಡಿ ತೆಗೆಯುವಾಗ) ಇವನ್ನು ಓಡಿಸಲೇಬೇಡಿ. ತಡಕಾಡುತ್ತದೆ, ವಿಡಿಯೋ ಮಾಡಿದರೆ ಧ್ವನಿಯಲ್ಲಿ ಬರೀ ಗಿರಣಿ ಸದ್ದು.

ಸ್ಕ್ರೂಡ್ರೈವರ್
ನನ್ನ ಹೆಸರು ಬಂದ ಕಡೆ ನಾನು ಬರಲೇಬೇಕು. ಲೆನ್ಸ್ ಬಿಚ್ಚಿ ಕಟ್ಟೋದು ನನ್ನ ಹೊಟ್ಟೆಪಾಡು.

ಸಾಗರದವರೇ, ಬಾಡಿ ಯೋಚನೆ ಆಮೇಲೆ. ಮೊದಲು ಟಾರ್ಚ್ ತಗೊಳ್ಳಿ. ಮಲೆನಾಡಿನ ಅಟ್ಟದಲ್ಲಿ ಅಷ್ಟು ವರ್ಷ ಇದ್ದ ಬ್ಯಾಗು ಅಂದರೆ ನನಗೆ ಭಯ. ಅಪರ್ಚರ್ ರಿಂಗ್ ಪೂರ್ತಿ ತೆರೆದ ಕಡೆ ಇಟ್ಟು, ಕತ್ತಲೆ ಕೋಣೆಯಲ್ಲಿ ಹಿಂದಿನಿಂದ ಟಾರ್ಚ್ ಬಿಟ್ಟು, ಮುಂದಿನಿಂದ ಓರೆಯಾಗಿ ನೋಡಿ. ಜೇಡರ ಬಲೆ ಅಥವಾ ಬೇರಿನಂಥ ಎಳೆಗಳು ಕಂಡರೆ ಫಂಗಸ್. ಎಳೆ ಇಲ್ಲದೆ ಗಾಜಿನ ಮೇಲೆ ಹಾಲು ಚೆಲ್ಲಿ ಒರೆಸಿದಂತೆ ಕಂಡರೆ ಹೇಝ್. 35-70ರಲ್ಲಿ ಹಿಂದಿನ ಗುಂಪಿನ ಗಾಜನ್ನು ಚೆನ್ನಾಗಿ ನೋಡಿ, ವಯಸ್ಸಾದ ಮೇಲೆ ಅಲ್ಲಿ ಮಂಜು ಕೂರೋದು ಜಾಸ್ತಿ. ಧೂಳಿನ ನಾಲ್ಕು ಕಣ ಕಂಡರೆ ತಲೆ ಕೆಡಿಸಿಕೊಳ್ಳಬೇಡಿ, ಫೋಟೋದಲ್ಲಿ ಕಾಣಲ್ಲ.

ಆಮೇಲೆ ರಿಂಗ್ 22ಕ್ಕೆ ತಿರುಗಿಸಿ, ಹಿಂದಿನ ಸಣ್ಣ ಲಿವರನ್ನು ಬೆರಳಿನಿಂದ ಎಳೆದು ಬಿಡಿ. ಅಪರ್ಚರಿನ ಎಲೆಗಳು ಟಪ್ ಅಂತ ಮುಚ್ಚಬೇಕು. ಸೋಮಾರಿ ಥರ ಮುಚ್ಚಿದರೆ ಎಲೆಗಳ ಮೇಲೆ ಎಣ್ಣೆ ಇಳಿದಿದೆ ಅಂತ ಅರ್ಥ, ಫೋಟೋಗಳು ಬೇಕಾದ್ದಕ್ಕಿಂತ ಬೆಳ್ಳಗೆ ಬರುತ್ತವೆ. ಜನ ಮೀಟರ್ ಕೆಟ್ಟಿದೆ ಅಂದುಕೊಳ್ಳುತ್ತಾರೆ.

ಇನ್ನೊಂದು ಮುಖ್ಯ: ಬಾಡಿ ಆಟೋಫೋಕಸ್‌ನಲ್ಲಿ ಇರುವಾಗ ಫೋಕಸ್ ರಿಂಗನ್ನು ಕೈಯಲ್ಲಿ ತಿರುಗಿಸಬೇಡಿ. ಈಗಿನ ಲೆನ್ಸುಗಳಲ್ಲಿ ಅದು ನಡೆಯುತ್ತದೆ, ಇವುಗಳಲ್ಲಿ ಇಲ್ಲ. ಸ್ಕ್ರೂ ಕಚ್ಚಿಕೊಂಡಿರುತ್ತದೆ, ನೀವು ಜಗ್ಗೋದು ಬಾಡಿಯ ಗೇರನ್ನು. ಮೊದಲು ಬಾಡಿಯ ಸ್ವಿಚ್ ಎಂ (ಕೈ ಫೋಕಸ್) ಕಡೆಗೆ ಹಾಕಿ, ಆಮೇಲೆ ತಿರುಗಿಸಿ.

ಕರಾವಳಿ ಕ್ಲಿಕ್
ಫಂಗಸ್ ವಿಷಯದಲ್ಲಿ ನಾವು ಮಂಗಳೂರಿನವರು ಡಾಕ್ಟರೇಟ್ ಮಾಡಿದವರು. ಚರ್ಮದ ಕೇಸ್, ಬಟ್ಟೆ ಬ್ಯಾಗ್ ಬೇಡವೇ ಬೇಡ. ಅದು ಫಂಗಸ್ಸಿಗೆ ಊಟ ವಸತಿ ಎರಡೂ. ಡ್ರೈ ಕ್ಯಾಬಿನೆಟ್ ಇದ್ದರೆ ತೇವಾಂಶ 40ರಿಂದ 50 ಪರ್ಸೆಂಟಿಗೆ ಇಡಿ. ಇಲ್ಲದಿದ್ದರೆ ಅಡುಗೆಮನೆಯ ಗಾಳಿ ಆಡದ ದೊಡ್ಡ ಡಬ್ಬ, ಒಳಗೆ ಸಿಲಿಕಾ ಜೆಲ್, ಒಂದು ಸಣ್ಣ ತೇವಾಂಶ ಮೀಟರ್. ಜೆಲ್ ಬಣ್ಣ ಬದಲಾದಾಗ ಬಿಸಿ ಮಾಡಿ ಮತ್ತೆ ಹಾಕಿ. ಡಬ್ಬ ತಂದ ದಿನ ಮನೆಯಲ್ಲಿ ಉಪ್ಪಿನಕಾಯಿಗೆ ಅಂದುಕೊಂಡಿದ್ದರು.

ಬಿಸಿಲಿಗಿಟ್ಟರೆ ಫಂಗಸ್ ಹೋಗುತ್ತದೆ ಅನ್ನುವ ಮಾತು ಕೇಳಿರುತ್ತೀರಿ. ಬಿಸಿಲು ಬೆಳವಣಿಗೆ ತಡೆಯಬಹುದು, ಆದರೆ ಫಂಗಸ್ ಆಗಲೇ ಗಾಜಿನ ಕೋಟಿಂಗ್ ಕೊರೆದಿದ್ದರೆ ಆ ಗುರುತು ಹೋಗಲ್ಲ. ಮತ್ತೆ ಲೆನ್ಸನ್ನು ಸೂರ್ಯನಿಗೆ ಮುಖ ಮಾಡಿ ಇಟ್ಟು ಮರೆತರೆ ಹಿಂದಿರುವ ಚಾಪೆ ಸುಡುತ್ತದೆ. ಹೇಗೆ ಗೊತ್ತು ಅಂತ ಕೇಳಬೇಡಿ.

ಟೊರಾಂಟೊ ತಮ್ಮಯ್ಯ
ಇಲ್ಲಿ ಚಳಿ ಇದೆ, ಫಂಗಸ್ ಕಡಿಮೆ. ಒಂದು ಮಾತು ಹೇಳಿ ಹೋಗ್ತೀನಿ: ಹಳೇ ಆಟೋಫೋಕಸ್ ಲೆನ್ಸೇ ಬೇಕು, ಜಾತಕ ನೋಡಲು ಪುರುಸೊತ್ತಿಲ್ಲ ಅನ್ನುವವರಿಗೆ ಪೆಂಟಾಕ್ಸ್ ಇದೆ. ಅವರ ಡಿಎಸ್‌ಎಲ್‌ಆರ್‌ಗಳಲ್ಲಿ ಸ್ಕ್ರೂ ಮೋಟರ್ ಇದೆ, 2021ರ ಕೆ-3 ಮಾರ್ಕ್ 3ರಲ್ಲೂ ಇದೆ, ಬಾಡಿಯಲ್ಲಿ ಸ್ಟೆಬಿಲೈಸೇಶನ್ನೂ ಇದೆ. ಫಿಲ್ಮ್ ಕಾಲದ 43 ಮತ್ತು 77 ಲಿಮಿಟೆಡ್ ಹಾಕಿಕೊಂಡು ನಾನು ನೆಮ್ಮದಿಯಾಗಿದ್ದೇನೆ. ಆದರೆ ಊರಿಗೆ ಬಂದಾಗ ಅದಕ್ಕೆ ಒಂದು ಬ್ಯಾಟರಿ ಹುಡುಕಿ ಮೂರು ಅಂಗಡಿ ಅಲೆದಿದ್ದೂ ನಾನೇ.

ಕಪ್ಪು ಬಿಳುಪು
ಇಷ್ಟೆಲ್ಲ ಕಷ್ಟಪಟ್ಟು ಓಡಿಸಿದ ಮೇಲೆ ಚಿತ್ರ ಹೇಗೆ ಬರುತ್ತದೆ ಅಂತ ಯಾರೂ ಹೇಳಲಿಲ್ಲ. 24 ಮೆಗಾಪಿಕ್ಸೆಲ್ ಸೆನ್ಸರ್ ಮುಂದೆ ಫಿಲ್ಮ್ ಕಾಲದ ಗಾಜು ನಿಲ್ಲುತ್ತದಾ?

ಹಳೇ ಗಾಜು
ನಿಲ್ಲುತ್ತದೆ, ಆದರೆ ಅದರ ಗುಣ ತಿಳಿದು ಬಳಸಬೇಕು. 50 ಎಫ್/1.8ಡಿ ಪೂರ್ತಿ ತೆರೆದಾಗ ಸ್ವಲ್ಪ ಮೃದು, ಹೊಳೆಯುವ ಅಂಚುಗಳಲ್ಲಿ ನೇರಳೆ ಬಣ್ಣ. ಮದುಮಗಳ ಜರಿ ಅಂಚು, ಬೆಳ್ಳಿ ದೀಪ ಇಂಥ ಕಡೆ ಎದ್ದು ಕಾಣುತ್ತದೆ. ಎಫ್/4ಗೆ ಬಂದರೆ ಈಗಿನ ಲೆನ್ಸುಗಳ ಪಕ್ಕ ಇಟ್ಟು ಗುರುತಿಸಿ ಅಂದರೆ ನನಗೇ ಕಷ್ಟ. ಹಿಂದಿನ ಮಸುಕಿನಲ್ಲಿ ದೀಪಗಳು ಗುಂಡಗಿರದೆ ಏಳು ಮೂಲೆ ತೋರಿಸುತ್ತವೆ, ಎಲೆಗಳು ಏಳು ಇರೋದರಿಂದ.

ನಿಜವಾದ ತೊಂದರೆ ಇರೋದು ಎದುರು ಬೆಳಕಿನಲ್ಲಿ. ಫಿಲ್ಮ್ ಮಂಕಾಗಿರುತ್ತಿತ್ತು, ಸೆನ್ಸರ್ ಕನ್ನಡಿಯ ಹಾಗೆ. ಸೆನ್ಸರಿಗೆ ಬಡಿದ ಬೆಳಕು ವಾಪಸ್ ಲೆನ್ಸಿನ ಹಿಂದಿನ ಗಾಜಿಗೆ ಹೋಗಿ, ಅಲ್ಲಿಂದ ಮತ್ತೆ ಸೆನ್ಸರಿಗೆ ಬರುತ್ತದೆ. ಹಳೇ ಲೆನ್ಸ್ ಮಾಡಿದವರು ಈ ಉಪದ್ರವ ನೆನೆಸಿಕೊಂಡು ಕೋಟಿಂಗ್ ಹಾಕಿದವರಲ್ಲ. ಹಾಗಾಗಿ ಹುಡ್ ಹಾಕಿ, ಎಫ್/16ರ ತನಕ ಮುಚ್ಚಬೇಡಿ.

ಡಿಎಸ್‌ಎಲ್‌ಆರ್‌ನಲ್ಲಿ ಫೋಕಸ್ ಸದಾ ಸ್ವಲ್ಪ ಮುಂದೆಯೋ ಹಿಂದೆಯೋ ಬೀಳುತ್ತಿದ್ದರೆ ಎಎಫ್ ಫೈನ್ ಟ್ಯೂನ್ ಇದೆ. ಡಿ750, ಡಿ7200 ಎರಡರಲ್ಲೂ ಒಂದೊಂದು ಲೆನ್ಸಿಗೆ ಬೇರೆ ಬೇರೆ ಅಳತೆ ಕೊಡಬಹುದು. ಡಿ5600ರಲ್ಲಿ ಇಲ್ಲ.

ಸಾಗರದವರೇ, ಏನು ತೆಗೀತೀರಿ ಅಂತ ನೀವು ಹೇಳಲೇ ಇಲ್ಲ.

ಸಾಗರದ ಹುಡುಗ
ಯಕ್ಷಗಾನ ಸರ್. ರಾತ್ರಿ ಬಯಲಾಟ. ಕಿಟ್ ಲೆನ್ಸಿನಲ್ಲಿ ವೇಷದ ಬದಲು ಬಣ್ಣದ ಮೋಡ ಬರುತ್ತಿದೆ.

ಹಳೇ ಗಾಜು
ಹಾಗಿದ್ದರೆ ಯೋಚನೆ ಬೇಡ. ಎಫ್/2.8ರ 80-200 ಮನೆಯಲ್ಲೇ ಇದೆ. ಸೆಕೆಂಡ್ ಹ್ಯಾಂಡ್ ಡಿ750 ಹುಡುಕಿ. ರಂಗದ ಕತ್ತಲೆಗೆ ಫುಲ್ ಫ್ರೇಮ್ (ಫಿಲ್ಮಿನಷ್ಟೇ ದೊಡ್ಡ ಸೆನ್ಸರ್) ಸಹಾಯ ಮಾಡುತ್ತದೆ, ಲೆನ್ಸ್ ಹುಟ್ಟಿದ್ದೇ ಆ ಅಳತೆಗೆ. ಕುಣಿಯುವ ವೇಷವನ್ನು ಝಡ್‌ನಲ್ಲಿ ಕೈಯಲ್ಲಿ ಫೋಕಸ್ ಮಾಡ್ತಾ ಕೂತರೆ ಬೆಳಗಾಗುತ್ತದೆ. ಕಿರ್ರ್ ಸದ್ದಿನ ಚಿಂತೆಯೂ ಇಲ್ಲ, ಚೆಂಡೆ ಮುಂದೆ ಅದು ಯಾರಿಗೆ ಕೇಳಬೇಕು?

ಇಕ್ಕೇರಿ ಕಲ್ಲು
ಯಕ್ಷಗಾನಕ್ಕಾದರೆ ನನ್ನ ಮಾತು ವಾಪಸ್. ಡಿ750 ತಗೋ. ಆದರೆ ಆ 80-200ಕ್ಕೆ ಟ್ರೈಪಾಡ್ ಕಾಲರ್ ಇಲ್ಲ, ಭಾರ ಎಲ್ಲ ಬಾಡಿಯ ಮೌಂಟಿನ ಮೇಲೆ ಬೀಳುತ್ತದೆ. ಎಡಗೈ ಲೆನ್ಸಿನ ಕೆಳಗೇ ಇರಲಿ.

ಸಾಗರದ ಹುಡುಗ
ಒಂದು ತಿಂಗಳಾಯಿತು, ವರದಿ ಒಪ್ಪಿಸಬೇಕಲ್ಲ.

ಟಾರ್ಚ್ ಪರೀಕ್ಷೆಯಲ್ಲಿ 50 ಪಾಸು. 80-200ರಲ್ಲಿ ಅಂಚಿಗೆ ಒಂದು ಸಣ್ಣ ಬೇರು, ಚಿತ್ರದಲ್ಲಿ ಕಾಣ್ತಿಲ್ಲ, ಈಗ ಜೆಲ್ ಡಬ್ಬದಲ್ಲಿದೆ. 35-70ಕ್ಕೆ ಹಾಲು ಚೆಲ್ಲಿತ್ತು, ಸ್ಕ್ರೂಡ್ರೈವರ್ ಸರ್ ಹೇಳಿದ ಜಾಗದಲ್ಲೇ. ನಮ್ಮ ಅಟ್ಟದ ಕೃಪೆ. ಅದನ್ನು ರಿಪೇರಿಗೆ ಕಳಿಸಿದ್ದೇನೆ.

ಡಿ750 ಸಿಕ್ಕಿತು. ಮೊದಲ ಆಟಕ್ಕೆ ಅಪ್ಪನೂ ಬಂದರು. ಒಡ್ಡೋಲಗದಿಂದಲೇ 80-200 ಚೆನ್ನಾಗಿ ಹಿಡಿಯಿತು, ಕಿರೀಟದ ಮೇಲೆ ಬೆಳಕು ಬಿದ್ದ ಕಡೆ ಫೋಕಸ್ ಇಟ್ಟರೆ ತಪ್ಪೋದೇ ಇಲ್ಲ, ಕಪ್ಪು ಬಟ್ಟೆ ಮೇಲಿಟ್ಟರೆ ಮಾತ್ರ ತಡಕಾಡುತ್ತದೆ. ನಡುವೆ ಒಂದರ್ಧ ಗಂಟೆ ಅಪ್ಪನ ಕೈಗೆ ಕ್ಯಾಮೆರಾ ಕೊಟ್ಟು ಚಹಾ ಕುಡಿಯಲು ಹೋದೆ. ಬಂದು ನೋಡಿದರೆ, ಯುದ್ಧದ ಕುಣಿತ ಶುರುವಾಗಿದೆ, ಕ್ಯಾಮೆರಾದಲ್ಲಿ ಎಫ್‌ಇಇ ಮಿಣುಕುತ್ತಿದೆ, ಶಟರ್ ಬೀಳುತ್ತಿಲ್ಲ, ಅಪ್ಪ ಬ್ಯಾಟರಿ ಹೋಗಿದೆ ಅಂತ ಬೈಯುತ್ತಿದ್ದಾರೆ. ಹಳೇ ಅಭ್ಯಾಸದಲ್ಲಿ ಲೆನ್ಸಿನ ರಿಂಗನ್ನು 22ರಿಂದ 4ಕ್ಕೆ ತಿರುಗಿಸಿಬಿಟ್ಟಿದ್ದರು. ಟೇಪ್ ಸುತ್ತಿಬಿಡ್ತೀನಿ ಅಂದೆ. ಅವರಿಗೆ ಸಿಟ್ಟು ಬಂತು, ರಿಂಗ್ ಇರೋದೇ ತಿರುಗಿಸೋಕೆ ಅಂತ.

ಸ್ಕ್ರೂಡ್ರೈವರ್
ನಿಮ್ಮಪ್ಪ ಹೇಳಿದ್ದೇ ಸರಿ. ಟೇಪ್ ಬೇಡ. ಡಿ750 ಮೆನುವಿನಲ್ಲಿ ಕಸ್ಟಮ್ ಸೆಟಿಂಗ್ ಎಫ್5ಕ್ಕೆ ಹೋಗಿ, ಕಮಾಂಡ್ ಡಯಲ್ ಬದಲಾಯಿಸುವ ಜಾಗ ಅದು. ಅದರಲ್ಲಿ ಅಪರ್ಚರ್ ಸೆಟಿಂಗ್ ಅಂತ ಇದೆ, ಅಪರ್ಚರ್ ರಿಂಗ್ ಆರಿಸಿ. ಆಮೇಲೆ ಎ ಮತ್ತು ಎಂ ಮೋಡಿನಲ್ಲಿ ಅವರು ರಿಂಗ್ ತಿರುಗಿಸಿಯೇ ತೆಗೆಯಬಹುದು. ನಿಮ್ಮ ಕೈಗೆ ಬಂದಾಗ ವಾಪಸ್ ಡಯಲ್‌ಗೆ ಹಾಕಿ, ರಿಂಗ್ 22ಕ್ಕೆ ಲಾಕ್ ಮಾಡಿ.

ಸಾಗರದ ಹುಡುಗ
ಹಾಕಿ ಕೊಟ್ಟೆ. ಈಗ ಕ್ಯಾಮೆರಾ ವಾಪಸ್ ಸಿಗ್ತಿಲ್ಲ.